ಮುಕ್ಕಾಲು ಇಂಚಿನ ಉಗಿ ಯಂತ್ರ: ಸ್ಟುವರ್ಟ್ 10ವಿ, ಒರಟು ಎರಕದಿಂದ ಓಟದವರೆಗೆ

ಸ್ಟುವರ್ಟ್ 10ವಿ ಎಂಬ ಮಾದರಿ ಉಗಿ ಯಂತ್ರದ ಎರಕಗಳ ಪೆಟ್ಟಿಗೆ ಬಿಚ್ಚಿದರೆ ಯಂತ್ರ ಕಾಣುವುದಿಲ್ಲ. ಕಾಣುವುದು ಬೀಡು ಕಬ್ಬಿಣದ ಕೆಲವು ಬೂದು ಉಂಡೆಗಳು, ಗನ್‌ಮೆಟಲ್ಲಿನ ಒಂದಿಷ್ಟು ತುಂಡುಗಳು, ಉಕ್ಕಿನ ಸರಳು, ಕಾಳಿನಷ್ಟು ಸಣ್ಣ ನಟ್ಟು–ಸ್ಟಡ್ಡುಗಳ ಪೊಟ್ಟಣ ಮತ್ತು ಒಂದು ನಕ್ಷೆ. ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, ಮುಕ್ಕಾಲು ಇಂಚು; ಸ್ಟ್ರೋಕು, ಅಂದರೆ ಪಿಸ್ಟನ್ನಿನ ಓಟ, ಮುಕ್ಕಾಲು ಇಂಚು; ಫ್ಲೈವೀಲು ಮೂರು ಇಂಚು. ನೆಟ್ಟಗೆ ನಿಲ್ಲುವ ಯಂತ್ರ. ಪಿಸ್ಟನ್ನಿನ ಮೇಲೂ ಕೆಳಗೂ ಸರದಿಯಂತೆ ಉಗಿ ಬೀಳುವ ಡಬಲ್ ಆಕ್ಟಿಂಗ್. ಉಗಿ ಹಂಚುವುದು ಸ್ಲೈಡ್ ವಾಲ್ವು. ಇದೇ ಸಿಲಿಂಡರನ್ನು ಮಲಗಿಸಿದರೆ 10ಎಚ್.

ಈ ಎರಕಗಳ ಊರು ಇಂಗ್ಲೆಂಡಿನ ಥೇಮ್ಸ್ ದಂಡೆಯ ಹೆನ್ಲಿ. ಅದರ ಪಕ್ಕದ ಶಿಪ್‌ಲೇಕ್ ಕೋರ್ಟ್ ಎಂಬ ಬಂಗಲೆಗೆ ವಿದ್ಯುತ್ ದೀಪ ಒದಗಿಸುತ್ತಿದ್ದ ಉಗಿ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಸಿಡ್ನಿ ಮಾರ್ಮಡ್ಯೂಕ್ ಸ್ಟುವರ್ಟ್ ಟರ್ನರ್. 1898ರಲ್ಲಿ ಅವರು ಎರಡು ಇಂಚು ಬೋರು, ಎರಡು ಇಂಚು ಸ್ಟ್ರೋಕಿನ ಒಂದು ಯಂತ್ರ ರೂಪಿಸಿದರು. ಅದೇ ‘ನಂಬರ್ ಒನ್’. ಅದೇ ವರ್ಷ ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ ಅವರ ‘ಮಾಡೆಲ್ ಇಂಜಿನಿಯರ್’ ಪತ್ರಿಕೆ ಶುರುವಾಗಿತ್ತು. ಮನೆಯ ಹಿತ್ತಿಲ ಕೊಠಡಿಯಲ್ಲಿ ಲೇತ್ ಇಟ್ಟುಕೊಂಡವರೆಲ್ಲ ಓದುತ್ತಿದ್ದ ಪತ್ರಿಕೆ ಅದು. ಅವರಿಗೆ ಬೇಕಿದ್ದದ್ದು ಸಿದ್ಧ ಯಂತ್ರವಲ್ಲ, ತಾವೇ ಕಡೆದು ಕೂಡಿಸಬಹುದಾದ ಎರಕ. 1906ರಲ್ಲಿ ಕಂಪನಿ ನೋಂದಣಿಯಾಯಿತು. ಮುಂದೆ ಟೂ-ಸ್ಟ್ರೋಕ್ ಇಂಜಿನು, ದೋಣಿ ಇಂಜಿನು, ಪಂಪುಗಳ ಕಡೆಗೆ ಕಂಪನಿ ಹೊರಳಿತು. ಇಂದಿಗೂ ಹೆನ್ಲಿಯಲ್ಲಿ ಅದರ ಕಸುಬು ಪಂಪು. ಮಾದರಿ ಯಂತ್ರಗಳ ವಿಭಾಗ ಬೇರೆಯಾಗಿ ‘ಸ್ಟುವರ್ಟ್ ಮಾಡೆಲ್ಸ್’ ಎಂಬ ಹೆಸರಿನಲ್ಲಿ ಉಳಿದುಕೊಂಡಿತು.

ಇಷ್ಟು ಚರಿತ್ರೆ ಕೆಲಸಕ್ಕೆ ಬರುವುದು ಒಂದೇ ಕಾರಣಕ್ಕೆ. ಗಿರಾಕಿಯ ಮನೆಯಲ್ಲಿ ಒಂದು ಸಣ್ಣ ಲೇತ್, ಒಂದು ವೈಸ್, ನಾಲ್ಕು ಅರ ಇರುತ್ತವೆ, ಮಿಲ್ಲಿಂಗ್ ಮೆಷಿನ್ ಇರುವುದಿಲ್ಲ ಎಂಬ ಲೆಕ್ಕ ಈ ಎರಕಗಳ ಆಕಾರದಲ್ಲೇ ಇದೆ. ಮುಖ್ಯವಾದ ಅಳತೆಗಳೆಲ್ಲ ದುಂಡಗೆ ಕಡೆಯುವಂಥವು, ಮತ್ತು ಒಂದಕ್ಕೊಂದು ಹೊಂದಬೇಕಾದ ಎರಡು ಮುಖಗಳನ್ನು ಹೆಚ್ಚಿನ ಕಡೆ ಚಕ್ಕಿನ (ಲೇತಿನಲ್ಲಿ ತುಂಡನ್ನು ಹಿಡಿಯುವ ದವಡೆಗಳ) ಒಂದೇ ಹಿಡಿತದಲ್ಲಿ ಮುಗಿಸಬಹುದು. ಇಂದು ಮಿಲ್ಲಿಂಗ್ ಮೆಷಿನ್ ಇದೆ ಎಂದು ಈ ಕ್ರಮ ಬಿಟ್ಟವರ ಯಂತ್ರವೇ ಸಾಮಾನ್ಯವಾಗಿ ತಿರುಗದೆ ಬಿಗಿಹಿಡಿದು ಕೂರುತ್ತದೆ. ಮುಂದಿನ ಹಂತಗಳನ್ನೆಲ್ಲ ಈ ‘ಒಂದೇ ಹಿಡಿತ’ದ ಕಣ್ಣಿನಿಂದಲೇ ಬರೆದಿದೆ.

ಎರಕ ಪರೀಕ್ಷೆ

ತಂತಿ ಬ್ರಷ್ಷಿನಿಂದ ಮರಳು ಉದುರಿಸಿ, ಅಚ್ಚಿನ ಎರಡು ಅರ್ಧ ಕೂಡಿದಲ್ಲಿ ಎದ್ದಿರುವ ಏಣನ್ನು ಹಳೆಯ ಅರದಿಂದ ತೆಗೆಯಬೇಕು. ಹೊಸ ಅರ ಬೇಡ. ಎರಕದ ಮೇಲ್ಪದರದಲ್ಲಿ ಸಿಕ್ಕಿಕೊಂಡ ಮರಳು ಅದರ ಹಲ್ಲನ್ನು ಒಂದೇ ಮಧ್ಯಾಹ್ನದಲ್ಲಿ ತಿಂದು ಹಾಕುತ್ತದೆ. ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಆ ಜಾಗ ಬೇಗ ತಣ್ಣಗಾಗಿ ಬಿಳಿ ಕಬ್ಬಿಣವಾಗಿದೆ ಎಂದು ಅರ್ಥ. ತೆಳು ಅಂಚುಗಳಲ್ಲಿ ಇದು ಮಾಮೂಲು. ಅಂಥ ಎರಕವನ್ನು ಇದ್ದಿಲ ಒಲೆಯಲ್ಲಿ ಚೆನ್ನಾಗಿ ಕೆಂಪಗೆ, ಸುಮಾರು 850 ಡಿಗ್ರಿಗೆ, ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಡ್ರಿಲ್ ಬಿಟ್ ಸುಟ್ಟ ಮೇಲೆ ಇದನ್ನು ಮಾಡುವುದಕ್ಕಿಂತ ಮೊದಲೇ ಮಾಡುವುದು ಅಗ್ಗ.

ಒರಟು ಎರಕಕ್ಕೆ ಮಾರ್ಕಿಂಗ್ ಬ್ಲೂ ಹಿಡಿಯುವುದಿಲ್ಲ. ಸುಣ್ಣದ ತಿಳಿ ಬಳಿದು ಒಣಗಿಸಿದರೆ ಗೀಟು ಚೆನ್ನಾಗಿ ಕಾಣುತ್ತದೆ. ಕಡೆಯಲು ಬಿಟ್ಟಿರುವ ಹೆಚ್ಚುವರಿ ಲೋಹ ಎಲ್ಲ ಮಗ್ಗುಲಿಗೂ ಹಂಚಿಕೆಯಾಗುವಂತೆ ಮಧ್ಯರೇಖೆಯನ್ನು ಮೊದಲು ಕಾಗದದ ಮೇಲೆ ಗೊತ್ತು ಮಾಡಿಕೊಳ್ಳಿ. ಒಂದು ಮುಖಕ್ಕೆ ಧಾರಾಳವಾಗಿ ಕಡೆದು, ಎದುರು ಮುಖಕ್ಕೆ ಬಂದಾಗ ಲೋಹವೇ ಸಾಲದೆ ಹೋಗುವುದು ಮೊದಲ ಯಂತ್ರ ಕಟ್ಟುವವರ ಹಳೆಯ ಗೋಳು.

ಬಿಎ ದಾರದ ಪ್ರಶ್ನೆ

ನಕ್ಷೆಯ ತುಂಬ 7 ಬಿಎ, 5 ಬಿಎ ಎಂದೇ ಇರುತ್ತದೆ. ಇವು ಬ್ರಿಟಿಷ್ ಅಸೋಸಿಯೇಷನ್ ಎಂಬ ಅಳತೆಯ ಸ್ಕ್ರೂ ದಾರಗಳು. ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಎ ಟ್ಯಾಪ್ (ತೂತಿನೊಳಗೆ ದಾರ ಕೊರೆಯುವ ಉಪಕರಣ) ಕೇಳಿದರೆ ಮಿಲಿಮೀಟರಿನದೇ ಕೈಗೆ ಬರುತ್ತದೆ. ಗಾಬರಿ ಬೇಡ. ಬಿಎ ಹೆಸರಿಗೆ ಬ್ರಿಟಿಷ್, ಹುಟ್ಟು ಸ್ವಿಟ್ಜರ್ಲೆಂಡಿನ ಥ್ಯೂರಿ ದಾರದಿಂದ. ಅಳತೆ ಮೂಲದಲ್ಲೇ ಮಿಲಿಮೀಟರ್. 0 ಬಿಎ ದಾರದ ಪಿಚ್ಚು, ಅಂದರೆ ಒಂದು ಸುತ್ತಿಗೂ ಮುಂದಿನದಕ್ಕೂ ಇರುವ ದೂರ, 1 ಮಿ.ಮೀ., ಅಲ್ಲಿಂದ ಪ್ರತಿ ಸಂಖ್ಯೆಗೂ ಪಿಚ್ಚು ಹಿಂದಿನದರ 0.9 ಪಾಲು. ಹೀಗೆ 7 ಬಿಎ ಎಂದರೆ 2.5 ಮಿ.ಮೀ. ವ್ಯಾಸ, 0.48 ಪಿಚ್ಚು. ಎಂ2.5 ದಾರದ ಪಿಚ್ಚು 0.45. ಎರಡಕ್ಕೂ ಟ್ಯಾಪ್ ಮಾಡುವ ಮೊದಲಿನ ತೂತು 2.05 ಮಿ.ಮೀ. 5 ಬಿಎ ದಾರದ ವ್ಯಾಸ 3.2 ಮಿ.ಮೀ.; ಅಲ್ಲಿ ಎಂ3 ಸರಿಹೋಗುತ್ತದೆ.

ತೊಂದರೆ ಇರುವುದು ನಟ್ಟಿನ ತಲೆಯಲ್ಲಿ. 7 ಬಿಎ ನಟ್ಟಿನ ಎದುರುಬದುರು ಅಗಲ 4.4 ಮಿ.ಮೀ., ಎಂ2.5ರದ್ದು 5. ಸಿಲಿಂಡರ್ ಕವರಿನ ಅಂಚಿನಲ್ಲಿ ಈ ಅರ್ಧ ಮಿಲಿಮೀಟರಿಗೂ ಜಾಗವಿಲ್ಲ. ನಟ್ಟು ಪಕ್ಕದ ಉಬ್ಬಿಗೆ ತಾಗಿ ಓರೆಯಾಗಿ ಕೂರುತ್ತದೆ. 4.5 ಮಿ.ಮೀ. ಷಟ್ಕೋನದ ಹಿತ್ತಾಳೆ ಅಥವಾ ಉಕ್ಕಿನ ಸರಳು ಸಿಕ್ಕರೆ ನಟ್ಟುಗಳನ್ನು ತಾವೇ ಕಡೆಯುವುದು ಒಳ್ಳೆಯದು. ಸಿಗದಿದ್ದರೆ ಎಂ2.5 ನಟ್ಟನ್ನು ಸ್ಟಡ್ಡಿಗೆ ಹಾಕಿ ಹಿಡಿದು, ಆರೂ ಮಗ್ಗುಲನ್ನು ಅರದಿಂದ ಇಳಿಸಬೇಕು. ಬೇಸರದ ಕೆಲಸ. ಆದರೆ ಒಂದೇ ಯಂತ್ರದಲ್ಲಿ ಬಿಎ ಮತ್ತು ಮಿಲಿಮೀಟರ್ ಬೆರೆಸುವುದು ಅದಕ್ಕಿಂತ ಕೆಟ್ಟದ್ದು: ಎರಡೂ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ದಾರ ಕಿತ್ತು ಬರುತ್ತವೆ.

ಸಿಲಿಂಡರು

ಸಿಲಿಂಡರ್ ಎರಕವನ್ನು ಫೋರ್-ಜಾ ಚಕ್ಕಿನಲ್ಲಿ ಹಿಡಿಯಿರಿ, ದವಡೆಗೂ ಎರಕಕ್ಕೂ ನಡುವೆ ತೆಳು ಅಲ್ಯೂಮಿನಿಯಂ ಪಟ್ಟಿ ಇರಲಿ. ಹೊರಮೈಗೆ ಸಮನಾಗುವಂತೆ ಸೆಂಟರ್ ಮಾಡಬೇಕೇ ಹೊರತು ಎರಕದಲ್ಲೇ ಬಂದ ತೂತಿಗೆ ಅಲ್ಲ; ಒಳಗಿನ ಮರಳಿನ ಕೋರು ಎರೆಯುವಾಗ ಸರಿದಿರಬಹುದು.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಬೀಡಿನ ವೇಗ ನಿಮಿಷಕ್ಕೆ 20 ಮೀಟರ್ ಎಂದಿಟ್ಟುಕೊಂಡರೆ 19 ಮಿ.ಮೀ. ಬೋರಿಗೆ ಸುಮಾರು 335 ಸುತ್ತು. ಮೊದಲ ಕಟ್ ಧೈರ್ಯವಾಗಿ, ಒಂದು ಮಿಲಿಮೀಟರ್ ಆಳ. ಅಂಜಿಕೊಂಡು ಕಾಲು ಮಿಲಿಮೀಟರ್ ತೆಗೆಯಹೋದರೆ ಟೂಲಿನ ತುದಿ ಮರಳಿನ ಪದರದಲ್ಲೇ ಉಜ್ಜಿಕೊಂಡು ಬೋಳಾಗುತ್ತದೆ. ಎಣ್ಣೆ, ನೀರು ಏನೂ ಬೇಡ. ಬೀಡು ಕಬ್ಬಿಣವನ್ನು ಒಣಗಿದ್ದಂತೆಯೇ ಕಡೆಯುವುದು. ಕಪ್ಪು ಪುಡಿ ಎಣ್ಣೆಯೊಂದಿಗೆ ಸೇರಿ ಲೇತಿನ ಬೆಡ್ಡನ್ನು ಸವೆಸುವ ಪೇಸ್ಟ್ ಆಗುತ್ತದೆ. ಬೆಡ್ಡಿಗೆ ಹಳೆಯ ದಿನಪತ್ರಿಕೆ ಹೊದಿಸಿ, ಕೊನೆಗೆ ಪ್ಲಾಸ್ಟಿಕ್ ಚೀಲದೊಳಗೆ ಆಯಸ್ಕಾಂತ ಇಟ್ಟು ಪುಡಿ ಎತ್ತಿದರೆ ಕೆಲಸ ಚೊಕ್ಕ.

ಬೋರು 19.05 ಬರಲೇಬೇಕೆಂಬ ಹಟ ಬೇಡ. 19.2 ಬಂದರೂ ಪಿಸ್ಟನ್ನನ್ನು ಅದಕ್ಕೆ ತಕ್ಕಂತೆ ಮಾಡಬಹುದು. ಬರಬೇಕಾದ್ದು ಉದ್ದಕ್ಕೂ ಒಂದೇ ವ್ಯಾಸ. ಈ ತುದಿಗೂ ಆ ತುದಿಗೂ 0.01 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಣ್ಣ ಬೋರಿಂಗ್ ಬಾರು ಬಾಗುವುದರಿಂದ ಬೋರು ಅಳತೆಗಿಂತ ಸಣ್ಣದಾಗಿ ಉಳಿಯುತ್ತದೆ. ಮದ್ದು ಎಂದರೆ ಕೊನೆಯ ಅಳತೆಯಲ್ಲಿ ಟೂಲನ್ನು ಮುಂದೆ ಸರಿಸದೆ ಮೂರು ನಾಲ್ಕು ಸಲ ಬರಿದೆ ಓಡಿಸುವುದು. ಬೋರು ಮುಗಿದೊಡನೆ, ಚಕ್ ಸಡಿಲಿಸದೆ, ಆ ತುದಿಯ ಮುಖವನ್ನೂ ಕಡೆದುಬಿಡಿ. ಈ ಮುಖವೇ ಯಂತ್ರದ ತಾಯಿಮುಖ. ಕೆಳಗಿನ ಕವರು ಕೂರುವುದು ಇದರ ಮೇಲೆ. ಅದರ ಮೇಲೆ ಒಂದು ಪಂಚಿನ ಗುರುತು ಹಾಕಿ. ಇನ್ನೊಂದು ತುದಿಯನ್ನು ಬೋರಿಗೆ ಬಿಗಿಯಾಗಿ ಕೂರುವ ಮ್ಯಾಂಡ್ರಿಲ್ ಮೇಲೆ ಏರಿಸಿ ಕಡೆಯಬಹುದು.

ಲ್ಯಾಪ್ ಮಾಡಲು, ಅಂದರೆ ಬೋರನ್ನು ಉಜ್ಜಿ ನುಣುಪು ಮಾಡಲು, ಅಲ್ಯೂಮಿನಿಯಂ ಸರಳನ್ನು ಬೋರಿಗಿಂತ ಕೂದಲೆಳೆ ಕಡಿಮೆ ಕಡೆದು, ಸೀಳಿ, ತುದಿಗೆ ಒಂದು ಟೇಪರ್ ಸ್ಕ್ರೂ ಹಾಕಿ. ನುಣ್ಣನೆಯ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಎಣ್ಣೆಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಸಿಲಿಂಡರನ್ನು ಕೈಯಲ್ಲೇ ಹಿಡಿದು ಹಿಂದೆ ಮುಂದೆ ಆಡಿಸಬೇಕು. ಒಂದೇ ಜಾಗದಲ್ಲಿ ನಿಲ್ಲಿಸಿದರೆ ಬೋರು ಗಂಟೆಯ ಬಾಯಂತೆ ಅಗಲವಾಗುತ್ತದೆ. ಮುಗಿದ ಮೇಲೆ ಸೀಮೆಎಣ್ಣೆ, ಆಮೇಲೆ ಸೋಪಿನ ಬಿಸಿನೀರು, ಆಮೇಲೆ ಮತ್ತೆ ಎಣ್ಣೆ. ಬೀಡಿನ ಸೂಕ್ಷ್ಮ ರಂಧ್ರಗಳಲ್ಲಿ ಪೇಸ್ಟ್ ಉಳಿದರೆ ಯಂತ್ರ ಓಡುತ್ತಲೇ ತನ್ನನ್ನು ತಾನು ಸವೆಸಿಕೊಳ್ಳುತ್ತದೆ.

ಉಗಿಯ ದಾರಿ

ವಾಲ್ವು ಜಾರುವ ಮುಖವನ್ನು ಬೋರಿಗೆ ಸಮಾನಾಂತರವಾಗಿ ಕಡೆಯಬೇಕು. ಮಿಲ್ಲಿಂಗ್ ಇಲ್ಲದಿದ್ದರೆ ಆಂಗಲ್ ಪ್ಲೇಟಿಗೆ ತಾಯಿಮುಖ ತಾಗಿಸಿ ಬೋಲ್ಟ್ ಹಾಕಿ, ಫೇಸ್ ಪ್ಲೇಟಿನ ಮೇಲೆ ತಿರುಗಿಸಿ ಕಡೆಯಬಹುದು. ಕೊನೆಯ ನುಣುಪು ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ, 400, ಆಮೇಲೆ 800, ಎಂಟರ ಆಕಾರದಲ್ಲಿ ಉಜ್ಜಿದರೆ ಸಿಗುತ್ತದೆ.

ಮೂರು ಪೋರ್ಟುಗಳು: ಮೇಲೊಂದು, ಕೆಳಗೊಂದು ಉಗಿಗೆ, ನಡುವಿನ ಅಗಲವಾದದ್ದು ಹೊರಹೋಗುವ ಉಗಿಗೆ. ಸಣ್ಣ ಸ್ಲಾಟ್ ಡ್ರಿಲ್ ಇದ್ದರೆ ಸುಲಭ; ಇಲ್ಲದಿದ್ದರೆ ಸಾಲಾಗಿ ತೂತು ಕೊರೆದು ಪುಟ್ಟ ಉಳಿಯಿಂದ ಕೂಡಿಸುವುದು. ಪೋರ್ಟಿನ ಒಳಭಾಗ ಹೇಗಿದ್ದರೂ ನಡೆದೀತು, ಅಂಚು ಮಾತ್ರ ನೆಟ್ಟಗೆ, ಒಂದಕ್ಕೊಂದು ಸಮಾನಾಂತರವಾಗಿ, ಚೂಪಾಗಿರಬೇಕು. ವಾಲ್ವಿನ ಟೈಮಿಂಗ್ ಓದುವುದು ಆ ಅಂಚನ್ನೇ.

ಸಿಲಿಂಡರ್ ತುದಿಯಿಂದ ಪೋರ್ಟಿನವರೆಗಿನ ಓರೆ ದಾರಿಯೇ ಎದೆ ಢವಗುಟ್ಟಿಸುವ ಭಾಗ. ಒಂದು ಕಡೆ ಬೋರು, ಇನ್ನೊಂದು ಕಡೆ ವಾಲ್ವ್ ಮುಖ. ನಡುವಿನ ಗೋಡೆಯಲ್ಲಿ ಡ್ರಿಲ್ ಓರೆಯಾಗಿ ಇಳಿಯಬೇಕು. ಸಿಲಿಂಡರಿನ ಅಡ್ಡಕೊಯ್ತವನ್ನು ಐದು ಪಟ್ಟು ದೊಡ್ಡದಾಗಿ ಕಾಗದದ ಮೇಲೆ ಬರೆದು, ಕಡೆದ ಮೇಲಿನ ನಿಜ ಅಳತೆ ಹಾಕಿ, ಕೋನವನ್ನು ಅಲ್ಲಿಂದ ಎತ್ತಿಕೊಳ್ಳಿ. ನಕ್ಷೆಯ ಕೋನ ನಂಬಿದರೆ ನಿಮ್ಮ ಎರಕದ ಗೋಡೆ ತೆಳುವಾಗಿದ್ದಾಗ ಡ್ರಿಲ್ ಬೋರಿಗೆ ಇಣುಕುತ್ತದೆ. ಓರೆ ಮೈಮೇಲೆ ಡ್ರಿಲ್ ಜಾರುವುದರಿಂದ ಮೊದಲು ಎಂಡ್ ಮಿಲ್ಲಿನಿಂದ ಪುಟ್ಟ ಚಪ್ಪಟೆ ಕುಳಿ ಮಾಡಿ. ಪ್ರತಿ ಪೋರ್ಟಿಗೂ ಒಂದು ದೊಡ್ಡ ತೂತಿಗಿಂತ ಅಕ್ಕಪಕ್ಕ ಎರಡು ಮೂರು ಸಣ್ಣ ತೂತು ಕ್ಷೇಮ. ಅರ್ಧ ಮಿಲಿಮೀಟರಿಗೊಮ್ಮೆ ಹೊರತೆಗೆದು ಪುಡಿ ಊದಿ. ಆಳದಲ್ಲಿ ಮುರಿದ ಡ್ರಿಲ್ ತುಂಡು ತೆಗೆಯುವ ಉಪಾಯ ಮನೆಯ ಷೆಡ್ಡಿನಲ್ಲಿ ಇಲ್ಲವೆಂದೇ ತಿಳಿಯಿರಿ.

ಇಲ್ಲೊಂದು ಗುಪ್ತ ಹಳ್ಳ ಇದೆ. ಕವರಿನ ಒಳಮುಖದಲ್ಲಿ ಬೋರಿನೊಳಗೆ ಕೂರುವ ಉಬ್ಬು ಇರುತ್ತದೆ; ಕವರು ನಡುಮಧ್ಯಕ್ಕೆ ಬರುವುದು ಅದರಿಂದಲೇ. ಓರೆ ದಾರಿ ಬಾಯಿ ತೆರೆಯುವ ಕಡೆ ಈ ಉಬ್ಬು ಸರಿಯಾಗಿ ಅಡ್ಡ ನಿಲ್ಲುತ್ತದೆ. ಬೋರಿನ ಅಂಚಿಗೆ ಅಲ್ಲೊಂದು ಓರೆ ಕಚ್ಚು ಹೊಡೆದು, ಕವರಿನ ಉಬ್ಬಿನಲ್ಲೂ ಅಷ್ಟೇ ಅಗಲ ಅರದಿಂದ ತೆಗೆಯದಿದ್ದರೆ ಉಗಿಗೆ ಬೋರಿನೊಳಗೆ ಪ್ರವೇಶವೇ ಇಲ್ಲ. ಎಲ್ಲ ಕೂಡಿಸಿದ ಮೇಲೆ ಯಂತ್ರ ಒಂದು ಮಗ್ಗುಲಿಗೆ ಮಾತ್ರ ಒದ್ದು ನಿಂತರೆ ಮೊದಲು ನೋಡಬೇಕಾದ್ದು ಇದನ್ನೇ. ಕಚ್ಚು ಹೊಡೆದಿದ್ದರೂ ಕವರನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿದರೆ ಮತ್ತೆ ಅದೇ ಕಥೆ. ಆದ್ದರಿಂದ ಕವರಿಗೂ ಸಿಲಿಂಡರಿಗೂ ಪಂಚಿನ ಚುಕ್ಕೆ ಜೊತೆಯಾಗಿರಲಿ.

ಸ್ತಂಭ, ಕೆಳಗಿನ ಕವರು

ಕ್ರಾಸ್‌ಹೆಡ್, ಅಂದರೆ ಪಿಸ್ಟನ್ ರಾಡನ್ನು ಕ್ರ್ಯಾಂಕಿನ ಕಡೆಗೆ ಜೋಡಿಸುವ ತುಂಡು, ಜಾರುವ ಗೈಡು ಸ್ತಂಭದ ಎರಕದಲ್ಲೇ ದುಂಡಗೆ ಬೋರಾಗುತ್ತದೆ. ಚಪ್ಪಟೆ ಗೈಡು ಪಟ್ಟಿಗಳಾಗಿದ್ದರೆ ಅವುಗಳನ್ನು ಸಾಲಿಗೆ ತರುವುದೇ ಒಂದು ವಾರದ ಕೆಲಸವಾಗುತ್ತಿತ್ತು. ದುಂಡು ಗೈಡಾದ್ದರಿಂದ ಅದರ ಬೋರು, ಮೇಲಿನ ಮುಖ, ಕವರು ಕೂರುವ ಗುಂಡಿ ಮೂರನ್ನೂ ಒಂದೇ ಹಿಡಿತದಲ್ಲಿ ಮುಗಿಸಬಹುದು. ಮುಗಿಸಲೇಬೇಕು. ಮೊದಲು ಕಾಲಿನ ಅಡಿಯನ್ನು ಅರದಿಂದ ಚಪ್ಪಟೆ ಮಾಡಿ, ಗಾಜಿನ ಮೇಲೆ ಇಟ್ಟು ನಾಲ್ಕೂ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಿ, 0.05ರ ಎಲೆ ಎಲ್ಲಿಯೂ ಹೋಗಬಾರದು. ಆಮೇಲೆ ಫೇಸ್ ಪ್ಲೇಟಿಗೆ ಬಿಗಿದು ಮೇಲಿನ ಕೆಲಸ.

ಕೆಳಗಿನ ಕವರಿಗೂ ಇದೇ ನಿಯಮ. ಬೋರಿಗೆ ಕೂರುವ ಉಬ್ಬು, ಮುಖ, ಪಿಸ್ಟನ್ ರಾಡಿನ ತೂತು ಒಂದೇ ಹಿಡಿತ. ಹಿಂದುಮುಂದು ಮಾಡಿ ಸ್ತಂಭದ ಕಡೆಯ ಉಬ್ಬು ಕಡೆಯುವಾಗ, ರಾಡಿನ ತೂತಿಗೆ ಒಂದು ಪಿನ್ ಹಾಕಿ ಡಯಲ್ ಗೇಜಿನಿಂದ ಸೆಂಟರ್ ನೋಡಿ. ಇಲ್ಲಿ 0.1 ಮಿ.ಮೀ. ತಪ್ಪಿದರೆ ರಾಡು ಓಟದ ಒಂದು ತುದಿಯಲ್ಲಿ ಸಲೀಸು, ಇನ್ನೊಂದರಲ್ಲಿ ಬಿಗಿ. ಎಷ್ಟು ಎಣ್ಣೆ ಹಾಕಿದರೂ ಹೋಗದ ಬಿಗಿ ಅದು.

ಕ್ರ್ಯಾಂಕು

ಸ್ಟ್ರೋಕು 19.05, ಆದ್ದರಿಂದ ಕ್ರ್ಯಾಂಕಿನ ಎಸೆತ, ಅಂದರೆ ಶಾಫ್ಟಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ದೂರ, 9.525. ಇಡಿಯಾದ ಉಕ್ಕಿನಿಂದ ಕಡೆಯುವುದಾದರೆ ಎರಡು ತುದಿಗೂ ಎರಡೆರಡು ಸೆಂಟರ್ ತೂತು ಬೇಕು. ಕ್ರ್ಯಾಂಕ್ ಪಿನ್ನನ್ನು ಮೊದಲು ಕಡೆದು, ಆಮೇಲೆ ಮುಖ್ಯ ಶಾಫ್ಟ್ ಕಡೆಯುವಾಗ ಎರಡು ಕೆನ್ನೆಗಳ ನಡುವಿನ ಸಂದಿಗೆ ಸರಿಯಾಗಿ ಕೂರುವ ತುಂಡು ಸಿಕ್ಕಿಸದಿದ್ದರೆ ಸೆಂಟರಿನ ಒತ್ತಡಕ್ಕೆ ಶಾಫ್ಟ್ ಮಡಚುತ್ತದೆ.

ಕೂಡಿಸಿ ಮಾಡುವ ದಾರಿ ಇನ್ನೂ ಸಲೀಸು. ಎರಡು ಕೆನ್ನೆಗಳನ್ನು ಬೆಸುಗೆ ಹಾಕಿ ಜೋಡಿಸಿ ಒಟ್ಟಿಗೆ ತೂತು ಕೊರೆದು ರೀಮ್ ಮಾಡಿ, ಬಿಡಿಸಿ, ಮುಖ್ಯ ಶಾಫ್ಟನ್ನು ಒಂದೇ ಉದ್ದನೆಯ ಸರಳಾಗಿ ಎರಡರ ಮೂಲಕವೂ ತೂರಿಸಿ, ಲಾಕ್‌ಟೈಟ್ 638 ಎಂಬ ಅಂಟು ಹಾಕಿ ಒಂದು ಹಗಲು ರಾತ್ರಿ ಬಿಡಿ. ತೂತಿಗೂ ಸರಳಿಗೂ 0.03ರಿಂದ 0.05 ಮಿ.ಮೀ. ಸಡಿಲು ಇರಲಿ; ಬಿಗಿಯಾಗಿ ತುರುಕಿದರೆ ಅಂಟೆಲ್ಲ ಒರೆಸಿಹೋಗಿ ಒಣ ಜೋಡಣೆ ಉಳಿಯುತ್ತದೆ. ಆಮೇಲೆ ಪ್ರತಿ ಜೋಡಣೆಗೂ ಅಡ್ಡಲಾಗಿ 1.5 ಮಿ.ಮೀ. ಪಿನ್ನು. ಕೆನ್ನೆಗಳ ನಡುವಿನ ಶಾಫ್ಟ್ ತುಂಡನ್ನು ಗರಗಸದಿಂದ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಹೀಗೆ ಮಾಡಿದರೆ ಎರಡು ಬೇರಿಂಗಿನ ಸಾಲು ತಾನಾಗಿಯೇ ನೆಟ್ಟಗಿರುತ್ತದೆ, ಏಕೆಂದರೆ ಅದು ಮೊದಲಿನಿಂದಲೂ ಒಂದೇ ಸರಳು.

ಪಿಸ್ಟನ್ನು

ಪಿಸ್ಟನ್ನನ್ನು ಅರ್ಧ ಮಿಲಿಮೀಟರ್ ದಪ್ಪವಾಗಿಯೇ ಬಿಟ್ಟು, ರಾಡಿಗೆ ದಾರ ಹಾಕಿ ಬಿಗಿದು, ರಾಡನ್ನು ಕಾಲೆಟ್ಟಿನಲ್ಲಿ ಹಿಡಿದು ಕೊನೆಯ ಅಳತೆಗೆ ಕಡೆಯಿರಿ. ದಾರ ಸ್ವಲ್ಪ ಓರೆಯಾಗಿದ್ದರೂ ಹೊರಮೈ ರಾಡಿಗೆ ಸರಿಯಾಗಿ ಸುತ್ತುತ್ತದೆ.

ಯಾವ ಲೋಹ ಎಂಬುದಕ್ಕೆ ಉತ್ತರ ಬಿಸಿಯಲ್ಲಿದೆ. ಎರಡು ಬಾರ್ ಗೇಜ್ ಒತ್ತಡದಲ್ಲಿ ಉಗಿ ಸುಮಾರು 133 ಡಿಗ್ರಿ. ಕೋಣೆಯ ಬಿಸಿಯಿಂದ ಅಲ್ಲಿಗೆ ಏರುವಾಗ 19 ಮಿ.ಮೀ.ನ ಅಲ್ಯೂಮಿನಿಯಂ ಪಿಸ್ಟನ್ನು ಬೀಡಿನ ಬೋರಿಗಿಂತ 0.025 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ 0.03 ಸಡಿಲಿಟ್ಟು ‘ಆಹಾ, ಎಂಥ ಫಿಟ್ಟು’ ಎಂದು ಬೀಗಿದ್ದು ಉಗಿಯಲ್ಲಿ ಹಿಡಿದುಕೊಳ್ಳುತ್ತದೆ. ಗನ್‌ಮೆಟಲ್ ಆದರೆ ಈ ವ್ಯತ್ಯಾಸ 0.015ರ ಆಸುಪಾಸು, ಬೀಡಿಗೆ ಬೀಡಾದರೆ ಸೊನ್ನೆ. ಬೀಡು ಪಿಸ್ಟನ್ನಿಗೆ 0.03 ಸಾಕು.

ಸೋರದಂತೆ ಮಾಡಲು ಪಿಸ್ಟನ್ನಿನ ಸುತ್ತಲಿನ ತೋಡಿನಲ್ಲಿ ಗ್ರಾಫೈಟ್ ದಾರ ಸುತ್ತುವುದು ಹಳೆಯ ಕ್ರಮ, ಚೆನ್ನಾಗಿಯೇ ನಡೆಯುತ್ತದೆ. ಓ-ರಿಂಗ್ ಬೇಕೆನ್ನುವವರಿಗೆ 15.6 ಒಳವ್ಯಾಸ, 1.78 ದಪ್ಪದ್ದು ಈ ಬೋರಿಗೆ ಸರಿ. ಮೋಟಾರು ಪಂಪಿನ ರಿಂಗಿನಂತೆ ಬಿಗಿಯಾಗಿ ಹಿಂಡಬಾರದು, ಶೇ. 5ರಷ್ಟು ಅದುಮಿದರೆ ಸಾಕು. ಅಂದರೆ ತೋಡಿನ ತಳದ ವ್ಯಾಸ ಸುಮಾರು 15.67, ಅಗಲ 2.3. ಗಾಳಿಯಲ್ಲಿ ಮಾತ್ರ ಓಡಿಸುವುದಾದರೆ ಸಾಧಾರಣ ನೈಟ್ರೈಲ್ ನಡೆಯುತ್ತದೆ. ಉಗಿಗೆ ವೈಟಾನ್ ಹಾಕುವುದು ವಾಡಿಕೆ.

ಪಿಸ್ಟನ್ನು ಎರಡೂ ಕವರಿನಿಂದ 0.8 ಮಿ.ಮೀ. ದೂರ ನಿಲ್ಲುವಂತೆ ರಾಡಿನ ದಾರದಲ್ಲಿ ಹೊಂದಿಸಿ. ಕ್ರ್ಯಾಂಕಿಗೆ ಜೋಡಿಸುವ ಮೊದಲು ಪಿಸ್ಟನ್ನನ್ನು ಮೇಲೆ ತಾಗಿಸಿ ರಾಡಿನ ಮೇಲೊಂದು ಗೀಟು, ಕೆಳಗೆ ತಾಗಿಸಿ ಇನ್ನೊಂದು. ಕೂಡಿಸಿದ ಮೇಲೆ ರಾಡಿನ ಓಟ ಈ ಎರಡು ಗೀಟುಗಳ ನಡುಮಧ್ಯ ಬರಬೇಕು.

ವಾಲ್ವು ಮತ್ತು ಟೈಮಿಂಗು

ಇಲ್ಲಿ ಅವಸರ ಮಾಡಿದವರೇ ಹೆಚ್ಚು. ಲೆಕ್ಕವೊಂದು ಮಾಡಿಕೊಂಡರೆ ಗೊಂದಲ ಹೋಗುತ್ತದೆ. ಪೋರ್ಟಿನ ಅಗಲ 2 ಮಿ.ಮೀ., ವಾಲ್ವು ನಡುವಿನಲ್ಲಿದ್ದಾಗ ಪೋರ್ಟಿನ ಅಂಚನ್ನು ದಾಟಿ ಮುಚ್ಚುವ ಹೆಚ್ಚುವರಿ ಭಾಗ, ಅಂದರೆ ಲ್ಯಾಪು, 0.8 ಎಂದಿಟ್ಟುಕೊಳ್ಳಿ. ಪೋರ್ಟು ಪೂರ್ತಿ ತೆರೆಯಲು ವಾಲ್ವು ನಡುವಿನಿಂದ 2.8 ಸರಿಯಬೇಕು, ಎಕ್ಸೆಂಟ್ರಿಕ್ಕಿನ (ಶಾಫ್ಟಿನ ಮೇಲೆ ಮಧ್ಯ ತಪ್ಪಿ ಕೂತು ವಾಲ್ವನ್ನು ಆಡಿಸುವ ಬಿಲ್ಲೆಯ) ಎಸೆತ 2.8, ವಾಲ್ವಿನ ಒಟ್ಟು ಓಟ 5.6. ಪಿಸ್ಟನ್ನು ತುದಿಯಲ್ಲಿದ್ದಾಗ ಪೋರ್ಟು 0.1 ಮಿ.ಮೀ. ತೆರೆದಿರಲಿ, ಅದು ಲೀಡು. ಆಗ ವಾಲ್ವು ನಡುವಿನಿಂದ 0.9 ಸರಿದಿರುತ್ತದೆ. 0.9 ಭಾಗಿಸು 2.8, ಅದರ ಸೈನ್ ಕೋನ ಸುಮಾರು 19 ಡಿಗ್ರಿ. ಆದ್ದರಿಂದ ತಿರುಗುವ ದಿಕ್ಕಿನಲ್ಲಿ ಎಕ್ಸೆಂಟ್ರಿಕ್ಕು ಕ್ರ್ಯಾಂಕಿಗಿಂತ 90 ಕೂಡು 19, ಒಟ್ಟು 109 ಡಿಗ್ರಿ ಮುಂದಿರಬೇಕು. ನಿಮ್ಮ ಪೋರ್ಟು ಬೇರೆ ಅಗಲ ಬಂದಿದ್ದರೆ ಅದೇ ಸರಣಿಯಲ್ಲಿ ನಿಮ್ಮ ಅಂಕಿ ಹಾಕಿ.

ಇದೇ ಲೆಕ್ಕ ಮುಂದುವರಿಸಿದರೆ ಉಗಿ ನಿಲ್ಲುವುದು ಸ್ಟ್ರೋಕಿನ ಶೇ. 90 ದಾಟಿದ ಮೇಲೆ. ಅಂದರೆ ಉಗಿ ಹಿಗ್ಗಿ ದುಡಿಯುವ ಅವಕಾಶವೇ ಇಲ್ಲದಂತೆ ಹೊರಹೋಗುತ್ತದೆ. ದೊಡ್ಡ ಗಿರಣಿ ಯಂತ್ರದವರು ನೋಡಿದರೆ ತಲೆ ಚಚ್ಚಿಕೊಂಡಾರು. ಆದರೆ ಈ ಗಾತ್ರದಲ್ಲಿ ಸುಲಭವಾಗಿ ಹೊರಡುವುದೇ ಮುಖ್ಯ. ಲ್ಯಾಪು ಹೆಚ್ಚಿಸಿ ಉಗಿ ಉಳಿಸಹೋದರೆ ಮುಕ್ಕಾಲು ಇಂಚಿನ ಬೋರಿನ ಬೀಡು ಗೋಡೆಗೆ ತಾಗಿ ತಣ್ಣಗಾಗುವ ಉಗಿಯೇ ಆ ಲಾಭವನ್ನು ನುಂಗುತ್ತದೆ.

ಹೊಂದಿಸುವ ಕ್ರಮ ತಪ್ಪಬಾರದು. ಮೊದಲು ಡೆಡ್ ಸೆಂಟರ್, ಅಂದರೆ ಪಿಸ್ಟನ್ನು ಓಟದ ತುದಿಯಲ್ಲಿರುವ ಜಾಗ, ಹುಡುಕಿ: ಕ್ರಾಸ್‌ಹೆಡ್ಡು ತುದಿಗೆ ಬರುವ ಸ್ವಲ್ಪ ಮೊದಲು ಒಂದು ಅಡ್ಡ ತುಂಡು ಇಟ್ಟು, ಫ್ಲೈವೀಲನ್ನು ಈ ದಿಕ್ಕಿನಿಂದ ತಿರುಗಿಸಿ ತಾಗಿದಲ್ಲಿ ಒಂದು ಗುರುತು, ಆ ದಿಕ್ಕಿನಿಂದ ತಿರುಗಿಸಿ ತಾಗಿದಲ್ಲಿ ಇನ್ನೊಂದು, ಎರಡರ ನಡುಮಧ್ಯವೇ ಡೆಡ್ ಸೆಂಟರು. ಕಣ್ಣಂದಾಜಿನಲ್ಲಿ ನೋಡಿದರೆ ಐದಾರು ಡಿಗ್ರಿ ತಪ್ಪುವುದು ಖಂಡಿತ, ಏಕೆಂದರೆ ತುದಿಯಲ್ಲಿ ಪಿಸ್ಟನ್ನು ಅಲುಗುವುದೇ ಕಾಣುವುದಿಲ್ಲ. ಎರಡನೆಯದು, ವಾಲ್ವ್ ರಾಡಿನ ಉದ್ದ: ಯಂತ್ರವನ್ನು ಪೂರ್ತಿ ಸುತ್ತಿಸಿ ಮೇಲಿನ ಪೋರ್ಟು ಎಷ್ಟು ತೆರೆಯುತ್ತದೋ ಕೆಳಗಿನದೂ ಅಷ್ಟೇ ತೆರೆಯುವವರೆಗೆ ರಾಡಿನ ದಾರ ತಿರುಗಿಸಿ. ಇದು ಮುಗಿಯುವವರೆಗೆ ಎಕ್ಸೆಂಟ್ರಿಕ್ಕಿನ ಕೋನ ಮುಟ್ಟಬೇಡಿ. ಮೂರನೆಯದು ಕೋನ: ಡೆಡ್ ಸೆಂಟರಿನಲ್ಲಿ ನಿಲ್ಲಿಸಿ, ಎಕ್ಸೆಂಟ್ರಿಕ್ಕನ್ನು ಓಟದ ದಿಕ್ಕಿನಲ್ಲಿ ಸರಿಸುತ್ತ, 0.1ರ ಫೀಲರ್ ಎಲೆ ಪೋರ್ಟಿಗೆ ಹೋಗುವಲ್ಲಿ ಗ್ರಬ್ ಸ್ಕ್ರೂ ಬಿಗಿಯಿರಿ. ಉದ್ದದ ತಪ್ಪನ್ನು ಕೋನದಲ್ಲಿ ಸರಿ ಮಾಡಹೋದರೆ ಒಂದು ತುದಿ ಸರಿಯಾದಾಗ ಇನ್ನೊಂದು ಕೆಡುತ್ತದೆ. ಇಡೀ ದಿನ ಹಾಗೇ ಕಳೆಯಬಹುದು.

ವಾಲ್ವು ತನ್ನ ನಟ್ಟಿನ ಮೇಲೆ ಉದ್ದಕ್ಕೆ ಅಲುಗಬಾರದು, ಮುಖದಿಂದ ದೂರಕ್ಕೆ ಮಾತ್ರ ಅಲುಗಬೇಕು. ಉಗಿಯ ಒತ್ತಡವೇ ಅದನ್ನು ಮುಖಕ್ಕೆ ಅಂಟಿಸುತ್ತದೆ. ಈ ಸಡಿಲಿಗೆ ಇನ್ನೊಂದು ಉಪಯೋಗ: ಸಿಲಿಂಡರಿನಲ್ಲಿ ನೀರು ಸಿಕ್ಕಿಕೊಂಡರೆ ವಾಲ್ವು ಮುಖದಿಂದ ಎದ್ದು ನೀರಿಗೆ ದಾರಿ ಬಿಡುತ್ತದೆ. ಪಿಸ್ಟನ್ ವಾಲ್ವಿನ ಯಂತ್ರಕ್ಕೆ ಈ ಭಾಗ್ಯ ಇಲ್ಲ.

ಫ್ಲೈವೀಲು

ರಿಮ್ಮಿನ ಒಳಗಿನಿಂದ ಹಿಡಿದು ಹೊರಮೈ, ಒಂದು ಪಕ್ಕ, ಬೋರು, ರೀಮಿಂಗ್ ಎಲ್ಲ ಒಂದೇ ಹಿಡಿತದಲ್ಲಿ. ವೇಗ ನಿಮಿಷಕ್ಕೆ 80 ಸುತ್ತಿನಷ್ಟು. ಓಲಾಡುವ ಫ್ಲೈವೀಲು ಕಂಡರೆ ಬೋರನ್ನು ಬೇರೆ ಹಿಡಿತದಲ್ಲಿ ಕೊರೆದಿದ್ದಾರೆ ಎಂದು ಕೇಳದೆಯೇ ಹೇಳಬಹುದು. ಗ್ರಬ್ ಸ್ಕ್ರೂ ತಾಗುವಲ್ಲಿ ಶಾಫ್ಟಿಗೆ ಪುಟ್ಟ ಚಪ್ಪಟೆ ಉಜ್ಜಿಡಿ; ಇಲ್ಲದಿದ್ದರೆ ಸ್ಕ್ರೂ ಎಬ್ಬಿಸಿದ ಏಣು ಮುಂದೊಮ್ಮೆ ಫ್ಲೈವೀಲು ಹೊರತೆಗೆಯಲು ಬಿಡುವುದಿಲ್ಲ.

ಕೂಡಿಸಿ, ಓಡಿಸುವುದು

ಗ್ಯಾಸ್ಕೆಟ್ಟಿಗೆ ಎಣ್ಣೆಯಲ್ಲಿ ನೆನೆಸಿದ ಖಾಕಿ ಕಾಗದ ಸಾಕು. ದಪ್ಪ ಹಾಳೆ ಹಾಕಿದರೆ ಪಿಸ್ಟನ್ನಿನ 0.8ರ ಲೆಕ್ಕ ತಪ್ಪುತ್ತದೆ. ಒಂದೊಂದು ಭಾಗ ಸೇರಿಸಿದಾಗಲೂ ಬೆರಳಿನಿಂದ ತಿರುಗಿಸಿ ನೋಡಿ; ಬಿಗಿ ಬಂದರೆ ಕೊನೆಗೆ ಸೇರಿಸಿದ್ದೇ ಕಾರಣ. ಎಲ್ಲ ಕೂಡಿಸಿದ ಮೇಲೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ‘ಯಂತ್ರ ತಿರುಗುತ್ತಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಗ್ಲ್ಯಾಂಡಿನದು, ಅಂದರೆ ರಾಡು ಹೊರಬರುವಲ್ಲಿ ಉಗಿ ಸೋರದಂತೆ ತಡೆಯುವ ಭಾಗದ್ದು: ಪ್ಯಾಕಿಂಗ್ ದಾರ ತುರುಕಿ ನಟ್ಟನ್ನು ಸ್ಪ್ಯಾನರಿನಿಂದ ಬಿಗಿದಿರುತ್ತಾರೆ. ಗ್ಲ್ಯಾಂಡು ಬೆರಳಿನ ಬಿಗಿ ದಾಟಬಾರದು; ಮೊದಮೊದಲು ಒಂದೆರಡು ಹನಿ ಸೋರಿದರೆ ಸೋರಲಿ.

ಲೇತಿಗೆ ಅಥವಾ ಮೋಟಾರಿಗೆ ಬೆಲ್ಟು ಹಾಕಿ, ಎಣ್ಣೆ ತುಂಬಿ, 200 ಸುತ್ತಿನಲ್ಲಿ ಅರ್ಧ ಗಂಟೆ ಸುತ್ತಿಸಿ. ಕಪ್ಪಾದ ಎಣ್ಣೆ ತೊಳೆದು ಮತ್ತೊಮ್ಮೆ. ಆಮೇಲೆ ಕಂಪ್ರೆಸರಿನ ಗಾಳಿ. ಚೆನ್ನಾಗಿ ಕಟ್ಟಿದ 10ವಿ ಕಾಲು ಬಾರ್ ಸುಮಾರಿಗೇ ಹೊರಟುಬಿಡುತ್ತದೆ. ಒಂದು ಬಾರ್ ಕೊಟ್ಟರೂ ಕದಲದಿದ್ದರೆ ಒತ್ತಡ ಏರಿಸಬೇಡಿ, ಬಿಚ್ಚಿ. ಹೊರಗಾಲುವೆಯಿಂದ ಎಡೆಬಿಡದೆ ಸುಯ್ ಎಂದು ಗಾಳಿ ಬಂದರೆ ವಾಲ್ವು ಮುಖದ ಮೇಲೆ ಕೂತಿಲ್ಲ, ಇಲ್ಲವೆ ಪಿಸ್ಟನ್ನು ಸೋರುತ್ತಿದೆ. ಬೇರ್ಪಡಿಸಲು ಹೀಗೆ ಮಾಡಿ: ವಾಲ್ವನ್ನು ಸರಿಯಾಗಿ ನಡುವಿಗೆ ತನ್ನಿ. ಆಗ ಎರಡೂ ಪೋರ್ಟು ಮುಚ್ಚಿರುತ್ತವೆ. ಆದರೂ ಗಾಳಿ ಬಂದರೆ ತಪ್ಪು ವಾಲ್ವಿನದು, ನಿಂತರೆ ಪಿಸ್ಟನ್ನಿನದು. ಎರಡು ಫುಸ್ಸಿನ ನಡುವಿನ ಅಂತರ ಕುಂಟುತ್ತಿದ್ದರೆ ವಾಲ್ವ್ ರಾಡಿನ ಉದ್ದಕ್ಕೆ ಮರಳಿ ಹೋಗಿ.

ಉಗಿಗೆ ಬರುವ ಮೊದಲು ಬಾಯ್ಲರಿನ ಲೆಕ್ಕ. ಒಂದು ಸುತ್ತಿಗೆ ಸಿಲಿಂಡರು ಎರಡು ಸಲ ತುಂಬುತ್ತದೆ, ಸುಮಾರು 10.9 ಘನ ಸೆಂ.ಮೀ. ಎರಡು ಬಾರ್ ಗೇಜ್ ಒತ್ತಡದ ಉಗಿ ಘನ ಮೀಟರಿಗೆ 1.65 ಕೆ.ಜಿ. ತೂಗುತ್ತದೆ. ನಿಮಿಷಕ್ಕೆ 600 ಸುತ್ತಾದರೆ 11 ಗ್ರಾಂ ನೀರು. ಗೋಡೆಗೆ ತಾಗಿ ತಣ್ಣಗಾಗುವುದು, ಸೋರುವುದು ಸೇರಿಸಿ ನಿಮಿಷಕ್ಕೆ 20 ಗ್ರಾಂ ಕುದಿಸಬಲ್ಲ ಬಾಯ್ಲರ್ ಇಟ್ಟುಕೊಳ್ಳಿ. ಪಿಸ್ಟನ್ನಿನ ಮೇಲೆ ಸರಾಸರಿ ಒಂದು ಬಾರ್ ಒತ್ತಡ ಸಿಕ್ಕಿದರೆ ಅದೇ ವೇಗದಲ್ಲಿ ಸುಮಾರು 11 ವ್ಯಾಟ್ ಹುಟ್ಟುತ್ತದೆ. ಘರ್ಷಣೆ ಕಳೆದು ಉಳಿದದ್ದು 3 ವ್ಯಾಟಿನ ಸೈಕಲ್ ಡೈನಮೊ ತಿರುಗಿಸಲು ಸಾಕು.

ಭಾರತದ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾನೂನು ಬಿಟ್ಟಿದೆ ಎಂದು ಉಗಿ ಬಿಡುವುದಿಲ್ಲ. ಹೊಸ ಬಾಯ್ಲರನ್ನು ಅಂಚಿನವರೆಗೆ ನೀರು ತುಂಬಿ, ಗಾಳಿ ಒಂದಿಷ್ಟೂ ಉಳಿಯದಂತೆ ಮಾಡಿ, ಕೈಪಂಪಿನಿಂದ ಓಡಿಸುವ ಒತ್ತಡದ ಎರಡರಷ್ಟಕ್ಕೆ ಏರಿಸಿ ಅರ್ಧ ಗಂಟೆ ನಿಲ್ಲಿಸಿ ನೋಡಬೇಕು. ಗಾಳಿಯಿಂದ ಈ ಪರೀಕ್ಷೆ ಮಾಡಲೇಬಾರದು. ಒಡೆದರೆ ನೀರು ಚಿಮ್ಮಿ ಸುಮ್ಮನಾಗುತ್ತದೆ, ಗಾಳಿ ತಾಮ್ರದ ಚೂರನ್ನು ಗುಂಡಿನಂತೆ ಎಸೆಯುತ್ತದೆ. ತವರದ ಬೆಸುಗೆಯ ಬಾಯ್ಲರ್ ಬೇಡ, ಬೆಳ್ಳಿ ಬೆಸುಗೆಯದೇ ಆಗಬೇಕು.

ಉಗಿಗೆ ಎಣ್ಣೆ ಬೇರೆ. ಗಾಳಿಯಲ್ಲಿ ನಡೆದ ತೆಳು ಮಷಿನ್ ಆಯಿಲ್ ಉಗಿಯ ನೀರಿನಲ್ಲಿ ಹಾಲಿನಂತೆ ಕದಡಿ ಕೊಚ್ಚಿಹೋಗುತ್ತದೆ. ಉಗಿ ಯಂತ್ರಕ್ಕೆಂದೇ ಇರುವ 460 ಗ್ರೇಡಿನ ದಪ್ಪ ಸಿಲಿಂಡರ್ ಆಯಿಲ್ ಬೇಕು. ಉಗಿ ಕೊಳವೆಗೆ ಒಂದು ಡಿಸ್‌ಪ್ಲೇಸ್‌ಮೆಂಟ್ ಲೂಬ್ರಿಕೇಟರ್ ಸೇರಿಸಿದರೆ, ಉಗಿ ಅದರೊಳಗೆ ನೀರಾಗಿ ತಳಕ್ಕಿಳಿದಂತೆ ಎಣ್ಣೆ ಮೇಲೆದ್ದು ತಾನೇ ಹೋಗುತ್ತದೆ. ಹೊರಗಾಲುವೆಗೆ ಬಿಳಿ ಕಾಗದ ಹಿಡಿದಾಗ ಸಣ್ಣಗೆ ಕಂದು ಚುಕ್ಕೆ ಬಿದ್ದರೆ ಎಣ್ಣೆ ತಲುಪುತ್ತಿದೆ.

ತಣ್ಣನೆಯ ಸಿಲಿಂಡರಿಗೆ ಬಿದ್ದ ಮೊದಲ ಉಗಿಯೆಲ್ಲ ನೀರೇ. ಉಗಿ ಕೊಳವೆಯ ಕವಾಟ ಕೂದಲೆಳೆಯಷ್ಟು ತೆರೆದು, ಫ್ಲೈವೀಲನ್ನು ಕೈಯಿಂದ ಹಿಂದೆ ಮುಂದೆ ಆಡಿಸುತ್ತ, ಸಿಲಿಂಡರು ಮುಟ್ಟಲಾಗದಷ್ಟು ಬಿಸಿಯಾಗುವವರೆಗೆ ಕಾಯಿರಿ. ನೀರು ಉಗುಳುವುದು ನಿಂತು ಒಣ ಉಗಿ ಬಂದ ಮೇಲೆ ಕೈ ಬಿಟ್ಟರೆ ತಾನೇ ಓಡುತ್ತದೆ. ನಿಲ್ಲಿಸುವಾಗ ಇನ್ನೂ ಬಿಸಿಯಿರುವಾಗಲೇ ಉಗಿ ಕೊಳವೆ ಬಿಚ್ಚಿ, ಸ್ಟೀಮ್ ಚೆಸ್ಟಿಗೆ (ವಾಲ್ವು ಕೂತಿರುವ ಪೆಟ್ಟಿಗೆಗೆ) ಏಳೆಂಟು ಹನಿ ಎಣ್ಣೆ ಬಿಟ್ಟು ಹತ್ತು ಸುತ್ತು ತಿರುಗಿಸಿ. ಈ ಹತ್ತು ಸುತ್ತು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬೋರಿಗೂ ವಾಲ್ವ್ ಮುಖಕ್ಕೂ ಕೆಂಪು ತುಕ್ಕು ಕೂತಿರುತ್ತದೆ, ಮತ್ತೆ ವಾಟರ್ ಪೇಪರು, ಮತ್ತೆ ಗಾಜು.